ಹಲ್ಲಿನ ಇಂಪ್ಲಾಂಟ್: ಸಾಲಕ್ಕೆ ಮೊದಲು ಲೆಕ್ಕ

ಹಲವು ವರ್ಷಗಳಿಂದ ಸಕ್ಕರೆ ಕಾಯಿಲೆಗೆ ನನ್ನ ಬಳಿ ಔಷಧ ತೆಗೆದುಕೊಳ್ಳುತ್ತಿರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರೊಬ್ಬರು ಕಳೆದ ವರ್ಷ ಪತ್ನಿಯೊಂದಿಗೆ ದವಾಖಾನೆಗೆ ಬಂದರು. ಕೈಯಲ್ಲಿ ದಂತ ಚಿಕಿತ್ಸಾಲಯವೊಂದರ ಚೀಟಿ ಇತ್ತು. "ಡಾಕ್ಟರ್, ಶುಗರ್ ಸರಿ ಅದ ಅಂತ ಒಂದು ಪತ್ರ ಬರದು ಕೊಡ್ರಿ, ಅಷ್ಟ ಸಾಕು" ಎಂದರು. ಕೆಳದವಡೆಗೆ ಆರು ಇಂಪ್ಲಾಂಟ್, ಅದರ ಮೇಲೆ ಕಾಯಂ ಹಲ್ಲಿನ ಸಾಲು, ಒಟ್ಟು ಎರಡೂವರೆ ಲಕ್ಷ ರೂಪಾಯಿ ಎಂದು ಚೀಟಿಯಲ್ಲಿ ಬರೆದಿತ್ತು. ಇಷ್ಟು ಹಣ ಎಲ್ಲಿಂದ ತರುತ್ತೀರಿ ಎಂದು ಕೇಳಿದೆ. ಉತ್ತರ ಕೊಟ್ಟವರು ಅವರ ಪತ್ನಿ. "ಇವರು ರೊಟ್ಟಿ ತಿಂದು ಎರಡು ವರ್ಷ ಆತ್ರೀ. ಬರೇ ಅನ್ನ, ಗಂಜಿ. ನನ್ನ ಬಳಿ ಅಡಾ ಇಟ್ಟರೂ ಚಿಂತಿಲ್ಲ, ಹಲ್ಲು ಬರ್ಲಿ."

ಪತ್ರ ಬರೆದುಕೊಡಲಿಲ್ಲ. ಅಂದೇ ಮಾಡಿಸಿದ ರಕ್ತ ಪರೀಕ್ಷೆಯಲ್ಲಿ ಅವರ ಮೂರು ತಿಂಗಳ ಸರಾಸರಿ ಸಕ್ಕರೆಯನ್ನು ತೋರಿಸುವ ಎಚ್‌ಬಿಎ1ಸಿ 9.8 ಬಂದಿತ್ತು. ಆ ಸ್ಥಿತಿಯಲ್ಲಿ ದವಡೆಗೆ ಸ್ಕ್ರೂ ಹಾಕಿಸಿಕೊಳ್ಳುವುದೆಂದರೆ ಹಸಿ ಗೋಡೆಗೆ ಮೊಳೆ ಹೊಡೆದಂತೆ.

ನಾನು ದಂತವೈದ್ಯನಲ್ಲ, ಸಾಮಾನ್ಯ ವೈದ್ಯ. ಆದರೂ ಈ ವಾರ ಇಂಪ್ಲಾಂಟ್ ಬಗ್ಗೆ ಬರೆಯಲು ಕಾರಣವಿದೆ. ಇಂಥ ಚೀಟಿ ಹಿಡಿದು 'ಫಿಟ್‌ನೆಸ್' ಕೇಳಿಕೊಂಡು ಬರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದೆ. ಹಣ ಎಲ್ಲಿಂದ ತರುವುದು ಎಂಬುದನ್ನು ಅವರಲ್ಲಿ ಹೆಚ್ಚಿನವರು ಆಗಲೇ ತೀರ್ಮಾನಿಸಿರುತ್ತಾರೆ. ಯಾವುದಕ್ಕೆ ಕೊಡುತ್ತಿದ್ದೇವೆ, ಅಷ್ಟೂ ಬೇಕೇ, ಒಂದೇ ಸಲ ಕೊಡಬೇಕೇ ಎಂಬುದನ್ನು ಮಾತ್ರ ಯಾರೂ ಕೇಳಿರುವುದಿಲ್ಲ.

ಕೃತಕ ಬೇರು

ನಮ್ಮ ಹಲ್ಲಿನಲ್ಲಿ ಹೊರಗೆ ಕಾಣುವುದು ಒಂದು ಭಾಗ, ದವಡೆ ಮೂಳೆಯಲ್ಲಿ ಹುದುಗಿರುವ ಬೇರು ಇನ್ನೊಂದು ಭಾಗ. ಹಲ್ಲಿನ ಸೆಟ್ಟು ಹೊರಗೆ ಕಾಣುವ ಭಾಗವನ್ನು ಮಾತ್ರ ಮರಳಿ ಕೊಡುತ್ತದೆ. ಇಂಪ್ಲಾಂಟ್ ಎಂದರೆ ಟೈಟೇನಿಯಂ ಲೋಹದ ಸಣ್ಣ ಸ್ಕ್ರೂ. ಅದು ಬೇರಿನ ಜಾಗದಲ್ಲಿ ಕೂರುತ್ತದೆ. ಸ್ವೀಡನ್ನಿನ ಪರ್-ಇಂಗ್ವಾರ್ ಬ್ರೋನೆಮಾರ್ಕ್ ಎಂಬ ವಿಜ್ಞಾನಿ 1952ರ ಸುಮಾರಿಗೆ ಮೊಲದ ಕಾಲಿನ ಮೂಳೆಯಲ್ಲಿ ಟೈಟೇನಿಯಂ ಉಪಕರಣವೊಂದನ್ನು ಕೂರಿಸಿ ರಕ್ತಸಂಚಾರದ ಅಧ್ಯಯನ ಮಾಡುತ್ತಿದ್ದರು. ಕೆಲಸ ಮುಗಿದ ಮೇಲೆ ತೆಗೆಯಲು ಹೋದರೆ ಅದು ಬರಲಿಲ್ಲ. ಮೂಳೆ ಲೋಹಕ್ಕೆ ಬೆಸೆದುಕೊಂಡುಬಿಟ್ಟಿತ್ತು. ಈ ಆಕಸ್ಮಿಕವೇ ಇಂದಿನ ಇಂಪ್ಲಾಂಟಿಗೆ ಮೂಲ. 1965ರಲ್ಲಿ ಮೊದಲ ಬಾರಿ ಮನುಷ್ಯನ ದವಡೆಗೆ ಅದನ್ನು ಅಳವಡಿಸಿದರು. ಮುಂದೆ ಅದನ್ನು ತಯಾರಿಸಿ ಮಾರಲು ಅವರ ಜೊತೆ ಕೈಗೂಡಿಸಿದ ಕಂಪನಿ ಯಾವುದು ಗೊತ್ತೇ? ನಮಗೆಲ್ಲ ಫಿರಂಗಿಯಿಂದ ಪರಿಚಯವಾದ ಬೊಫೋರ್ಸ್!

ಮೂಳೆ ಹೀಗೆ ಬೆಸೆದುಕೊಳ್ಳಲು ಸಮಯ ಬೇಕು. ಕೆಳದವಡೆಯಲ್ಲಿ ಸಾಮಾನ್ಯವಾಗಿ ಎರಡರಿಂದ ಮೂರು ತಿಂಗಳು, ಮೇಲ್ದವಡೆಯ ಮೂಳೆ ಮೆದುವಾದ್ದರಿಂದ ನಾಲ್ಕರಿಂದ ಆರು ತಿಂಗಳು. ಆಮೇಲೆ ಸ್ಕ್ರೂ ಮೇಲೆ ಅಬಟ್ಮೆಂಟ್ ಎಂಬ ಕಂಬದಂಥ ಚಿಕ್ಕ ಜೋಡಣೆ, ಅದರ ಮೇಲೆ ಕ್ಯಾಪ್. ಅಂದರೆ ಇದು ತಿಂಗಳುಗಟ್ಟಲೆ, ಹಂತಹಂತವಾಗಿ ನಡೆಯುವ ಚಿಕಿತ್ಸೆ. ಹಣದ ವಿಚಾರದಲ್ಲಿ ನೆನಪಿಡಬೇಕಾದ ಮುಖ್ಯ ಸಂಗತಿ ಇದೇ. ಇದಕ್ಕೆ ಮತ್ತೆ ಬರುತ್ತೇನೆ.

ಬೋರ್ಡಿನ ಬೆಲೆ ಬೇರೆ, ಬಾಯಿಯ ಬೆಲೆ ಬೇರೆ

ಖಾಸಗಿ ಕ್ಲಿನಿಕ್ಕುಗಳಲ್ಲಿ ಒಂದು ಹಲ್ಲಿಗೆ ಸಾಮಾನ್ಯವಾಗಿ 20 ಸಾವಿರದಿಂದ 50 ಸಾವಿರ ರೂಪಾಯಿ ಆಗುತ್ತದೆ. ದೊಡ್ಡ ನಗರ, ಹೆಸರಾಂತ ಯುರೋಪಿಯನ್ ಕಂಪನಿ ಎಂದರೆ ಅದಕ್ಕೂ ಮೇಲೆ. ಕೊರಿಯಾ, ಇಸ್ರೇಲ್ ಮತ್ತು ನಮ್ಮ ದೇಶದಲ್ಲೇ ತಯಾರಾಗುವವು ಕಡಿಮೆ ಬೆಲೆಯವು. ಸ್ವಿಟ್ಜರ್‌ಲೆಂಡ್, ಸ್ವೀಡನ್ ಮೂಲದವು ದುಬಾರಿ. ದುಬಾರಿಯದನ್ನು ಹಾಕಿಸಿದರೆ ಮಾತ್ರ ನಿಲ್ಲುತ್ತದೆ ಎಂದೇನಿಲ್ಲ. ಹಾಕುವ ಕೈಯ ಅನುಭವ, ಹಾಕಿಸಿಕೊಂಡವರ ಮೂಳೆ, ಅವರು ಬಾಯಿಯನ್ನು ಇಟ್ಟುಕೊಳ್ಳುವ ಶುಚಿ, ಇವು ಹೆಸರಿಗಿಂತ ಹೆಚ್ಚಿನ ಪಾಲು ಪಡೆಯುತ್ತವೆ ಎಂಬುದು ನನ್ನ ಅಭಿಪ್ರಾಯ. ಆದರೆ ಹೆಸರೇ ಇಲ್ಲದ ಇಂಪ್ಲಾಂಟ್ ಬೇಡ. ಕಾರಣವನ್ನು ಮುಂದೆ ಹೇಳುತ್ತೇನೆ.

'ಹತ್ತು ಸಾವಿರಕ್ಕೆ ಇಂಪ್ಲಾಂಟ್' ಎಂಬ ಬೋರ್ಡು ಕಂಡರೆ ಖುಷಿಪಡುವ ಮೊದಲು ಒಂದು ಪ್ರಶ್ನೆ ಕೇಳಿ: ಇದು ಸ್ಕ್ರೂ ಒಂದರ ಬೆಲೆಯೋ, ಅಗಿಯುವ ಹಲ್ಲಿನ ಬೆಲೆಯೋ? ಅನೇಕ ಕಡೆ ಅದು ಸ್ಕ್ರೂ ಬೆಲೆ ಮಾತ್ರ. ಅಬಟ್ಮೆಂಟ್, ಕ್ಯಾಪ್ ಬೇರೆ. ಕ್ಯಾಪಿನಲ್ಲಿಯೂ ಲೋಹದ ಮೇಲೆ ಪಿಂಗಾಣಿ ಹಚ್ಚಿದ್ದಕ್ಕೆ ಒಂದು ದರ, ಜಿರ್ಕೋನಿಯಾಕ್ಕೆ ಇನ್ನೊಂದು ದರ. ಹಳೆಯ ಬೇರು ಉಳಿದಿದ್ದರೆ ಅದನ್ನು ಕೀಳುವ ಖರ್ಚು, ಮೂಳೆಯ ಎತ್ತರ ಅಗಲ ನೋಡಲು ಸಿಬಿಸಿಟಿ ಎಂಬ ಸ್ಕ್ಯಾನಿನ ಖರ್ಚು, ಮೂಳೆ ಸವೆದಿದ್ದರೆ ಮೂಳೆ ಪುಡಿ ತುಂಬುವ ಖರ್ಚು. ಮೇಲ್ದವಡೆಯ ಹಿಂಭಾಗದಲ್ಲಿ ಮೂಳೆ ತೆಳುವಾಗಿದ್ದರೆ ಸೈನಸ್ ಎಂಬ ಗಾಳಿಕೋಣೆಯ ತಳವನ್ನು ಮೇಲೆತ್ತಬೇಕಾಗುತ್ತದೆ; ಅದೇ ಒಂದು ಪ್ರತ್ಯೇಕ ಶಸ್ತ್ರಕ್ರಿಯೆ. ಹತ್ತು ಸಾವಿರ ನಲವತ್ತಾಗುವುದು ಹೀಗೆ. ಎಲ್ಲ ಸಲವೂ ಇದು ಮೋಸವೆಂದಲ್ಲ. ಮನೆ ಕಟ್ಟುವಾಗ ಪಾಯದ ಖರ್ಚು ಮಣ್ಣು ನೋಡಿದ ಮೇಲೆಯೇ ತಿಳಿಯುತ್ತದಲ್ಲ, ಹಾಗೆ.

ಆದ್ದರಿಂದ ಸ್ಕ್ಯಾನ್ ಆದ ಮೇಲೆ, ಹಣ ಕಟ್ಟುವ ಮೊದಲು, ಕ್ಯಾಪ್ ಕೂರಿಸುವವರೆಗಿನ ಒಟ್ಟು ಖರ್ಚನ್ನು ಬಿಡಿಬಿಡಿಯಾಗಿ ಬರೆಸಿಕೊಳ್ಳಿ. ಜೊತೆಗೆ, ಇಂಪ್ಲಾಂಟ್ ಮೂಳೆಗೆ ಕಚ್ಚಿಕೊಳ್ಳದೆ ಸಡಿಲಾದರೆ ಮತ್ತೆ ಹಾಕಲು ಹಣ ಯಾರದು ಎಂಬುದನ್ನೂ ಬರೆಸಿ. ಆರೋಗ್ಯವಂತರಲ್ಲಿ ಹತ್ತು ವರ್ಷದ ನಂತರವೂ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಇಂಪ್ಲಾಂಟುಗಳು ಉಳಿದಿರುತ್ತವೆ. ಉಳಿದ ಕೆಲವರಲ್ಲಿ ನೀವೂ ಒಬ್ಬರಾಗಬಹುದು. 'ಲೈಫ್‌ಟೈಮ್ ವಾರಂಟಿ' ಎಂಬುದು ಸಾಮಾನ್ಯವಾಗಿ ಕಂಪನಿ ಕೊಡುವ ಸ್ಕ್ರೂವಿಗೆ ಮಾತ್ರ. ವೈದ್ಯರ ಶುಲ್ಕಕ್ಕೂ ಮೇಲಿನ ಕ್ಯಾಪಿಗೂ ಅನ್ವಯಿಸುವುದಿಲ್ಲ.

ಇನ್ನೊಂದು ಮಾತು. ಪ್ರತಿ ಇಂಪ್ಲಾಂಟಿನ ಪೊಟ್ಟಣದ ಮೇಲೆ ಕಂಪನಿ, ಉದ್ದ, ದಪ್ಪ, ಲಾಟ್ ನಂಬರ್ ಇರುವ ಸ್ಟಿಕರ್ ಇರುತ್ತದೆ. ಅದನ್ನು ಕೇಳಿ ಪಡೆದು ಮನೆಯ ಪತ್ರಗಳ ಜೊತೆ ಇಡಿ. ಹತ್ತು ವರ್ಷದ ಮೇಲೆ ಒಳಗಿನ ಚಿಕ್ಕ ಸ್ಕ್ರೂ ಸಡಿಲಾಗಬಹುದು, ನೀವು ಬೇರೆ ಊರಿನಲ್ಲಿರಬಹುದು, ಹಾಕಿದ ಕ್ಲಿನಿಕ್ಕೇ ಮುಚ್ಚಿರಬಹುದು. ಒಂದು ಕಂಪನಿಯ ಬಿಡಿಭಾಗ ಇನ್ನೊಂದಕ್ಕೆ ಹೊಂದುವುದು ಅಪರೂಪ. ಹೆಸರು ಗೊತ್ತಿಲ್ಲದಿದ್ದರೆ ನೂರಾರು ರೂಪಾಯಿಯ ರಿಪೇರಿಗೆ ಇಂಪ್ಲಾಂಟನ್ನೇ ಕಿತ್ತು ಹಾಕುವ ಪರಿಸ್ಥಿತಿ ಬರಬಹುದು. ಹೆಸರಿಲ್ಲದ ಇಂಪ್ಲಾಂಟ್ ಬೇಡ ಎಂದದ್ದು ಇದಕ್ಕೇ.

ಹೋದ ಹಲ್ಲಿಗೆಲ್ಲ ಇಂಪ್ಲಾಂಟ್ ಬೇಕೇ?

ಖರ್ಚು ತಗ್ಗಿಸುವ ಎಲ್ಲ ದಾರಿಗಳಿಗಿಂತ ದೊಡ್ಡ ದಾರಿ ಈ ಪ್ರಶ್ನೆಯಲ್ಲಿದೆ. ಮೊದಲನೆಯದಾಗಿ, ಕೀಳಬೇಕೆಂದಿರುವ ಹಲ್ಲು ನಿಜಕ್ಕೂ ಕೀಳಲೇಬೇಕೇ ಎಂದು ಕೇಳಿ. ರೂಟ್ ಕೆನಾಲ್ ಮಾಡಿ ಕ್ಯಾಪ್ ಹಾಕಿದರೆ ಉಳಿಯುವಂಥ ಹಲ್ಲನ್ನು ಉಳಿಸಿಕೊಳ್ಳುವುದು ಬಹುಪಾಲು ಇಂಪ್ಲಾಂಟಿಗಿಂತ ಅಗ್ಗ, ಸ್ವಂತ ಬೇರಿಗೆ ಸಮನಾದದ್ದೂ ಇಲ್ಲ. ಸಂಶಯವಿದ್ದರೆ ಇನ್ನೊಬ್ಬ ದಂತವೈದ್ಯರಿಗೆ ತೋರಿಸಿ; ಅದರಿಂದ ಮೊದಲಿನವರಿಗೆ ಅವಮಾನವೇನೂ ಇಲ್ಲ.

ಕಟ್ಟಕಡೆಯ ದವಡೆಹಲ್ಲು ಒಂದೇ ಹೋಗಿದ್ದು, ಉಳಿದವುಗಳಿಂದ ಅಗಿಯಲು ತೊಂದರೆ ಇಲ್ಲವೆಂದರೆ ಏನನ್ನೂ ಹಾಕಿಸದೆ ಬಿಡುವುದೂ ಒಂದು ಚಿಕಿತ್ಸೆಯೇ. ಒಂದಕ್ಕೊಂದು ಕೂಡಿಬರುವಂತೆ ಇಪ್ಪತ್ತು ಹಲ್ಲುಗಳಿದ್ದರೆ ಹೆಚ್ಚಿನವರ ಊಟ ನಡೆಯುತ್ತದೆ. ನಡುವಿನ ಒಂದು ಹಲ್ಲು ಹೋಗಿದ್ದರೆ ಅಕ್ಕಪಕ್ಕದ ಎರಡನ್ನು ಆಧಾರವಾಗಿಟ್ಟು ಬ್ರಿಜ್ ಕಟ್ಟಬಹುದು. ಕಡಿಮೆ ಖರ್ಚು, ಒಂದೆರಡು ವಾರದ ಕೆಲಸ. ಆದರೆ ಆಧಾರದ ಹಲ್ಲುಗಳನ್ನು ಉಜ್ಜಿ ಸಣ್ಣದು ಮಾಡಬೇಕು. ಅವು ಚೆನ್ನಾಗಿದ್ದರೆ ಅವುಗಳ ಮೇಲೆ ಕೈಮಾಡುವುದು ನಷ್ಟ, ಅಂಥಲ್ಲಿ ಇಂಪ್ಲಾಂಟಿಗೆ ಹಣ ಹಾಕುವುದು ಸರಿ. ಅವಕ್ಕೂ ಹೇಗಿದ್ದರೂ ಕ್ಯಾಪ್ ಬೇಕಾಗಿದ್ದರೆ ಬ್ರಿಜ್ಜೇ ಜಾಣತನ.

ಎಲ್ಲ ಹಲ್ಲೂ ಹೋದ ಹಿರಿಯರ ವಿಚಾರ ಬೇರೆ. 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ' ಎಂಬ ಗಾದೆ ಹುಟ್ಟಿದ್ದು ಇವರ ಪಾಡು ನೋಡಿಯೇ ಇರಬೇಕು. ಮೇಲಿನ ಸೆಟ್ಟು ಅಂಗುಳಕ್ಕೆ ಅಂಟಿಕೊಂಡು ಸಾಮಾನ್ಯವಾಗಿ ನಿಲ್ಲುತ್ತದೆ. ಕಾಟ ಕೊಡುವುದು ಕೆಳಗಿನದು. ನಾಲಿಗೆ ಆಡಿದಂತೆ ಅದು ತೇಲುತ್ತದೆ, ವಸಡು ಹುಣ್ಣಾಗುತ್ತದೆ, ಕೊನೆಗೆ ಡಬ್ಬಿ ಸೇರುತ್ತದೆ. ಇಂಥವರಿಗೆ ಕೆಳದವಡೆಯ ಮುಂಭಾಗದಲ್ಲಿ ಎರಡೇ ಇಂಪ್ಲಾಂಟ್ ಹಾಕಿ, ಚೋಲಿಯ ಟಿಚ್‌ಬಟನ್ ಕೂಡುವಂತೆ ಸೆಟ್ಟನ್ನು ಅವುಗಳಿಗೆ ಕೂಡಿಸಬಹುದು. ರಾತ್ರಿ ತೆಗೆದು ತೊಳೆಯಬಹುದು, ಹಗಲು ಅಲುಗುವುದಿಲ್ಲ. ಎಲ್ಲ ಹಲ್ಲು ಕಳೆದುಕೊಂಡ ಕೆಳದವಡೆಗೆ ಮೊದಲು ಪರಿಗಣಿಸಬೇಕಾದದ್ದು ಈ ಎರಡು ಇಂಪ್ಲಾಂಟಿನ ವಿಧಾನವೇ ಎಂದು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಸೇರಿದ್ದ ತಜ್ಞರು 2002ರಲ್ಲಿಯೇ ಹೇಳಿದ್ದಾರೆ. ಆರು ಇಂಪ್ಲಾಂಟಿನ ಕಾಯಂ ಸಾಲು ಇದಕ್ಕಿಂತ ಸುಖವಾದದ್ದು, ಸಂದೇಹವಿಲ್ಲ. ಶಿಕ್ಷಕರಿಗೆ ಅದನ್ನು ಬರೆದುಕೊಟ್ಟ ದಂತವೈದ್ಯರು ತಪ್ಪು ಹೇಳಿರಲಿಲ್ಲ. ಆದರೆ ರೊಟ್ಟಿ ತಿನ್ನಲು ಅಷ್ಟೇ ಬೇಕೆಂದಿಲ್ಲ.

'ಕಾಯುತ್ತ ಕೂತರೆ ಮೂಳೆ ಸವೆಯುತ್ತದಂತೆ' ಎಂದು ಹೆದರಿ ಅವಸರಪಡುವವರಿದ್ದಾರೆ. ಮಾತು ನಿಜ. ಹಲ್ಲು ಕಿತ್ತ ಜಾಗದ ಮೂಳೆ ಮೊದಲ ವರ್ಷದಲ್ಲೇ ಹೆಚ್ಚು ತೆಳುವಾಗುತ್ತದೆ, ಆಮೇಲೆ ನಿಧಾನ. ಹೊಸದಾಗಿ ಹಲ್ಲು ಕೀಳಿಸುವವರು ಮುಂದಿನ ಯೋಜನೆಯನ್ನು ಕೀಳಿಸುವ ಮೊದಲೇ ಮಾತಾಡುವುದು ಒಳ್ಳೆಯದು. ಐದು ವರ್ಷದ ಹಿಂದೆ ಹಲ್ಲು ಹೋದವರು ಇನ್ನೆರಡು ತಿಂಗಳು ಕಾದು ವಿಚಾರಿಸಿದರೆ ಹೆಚ್ಚಿನದೇನೂ ಹಾಳಾಗುವುದಿಲ್ಲ. 'ಈ ರಿಯಾಯಿತಿ ಇವತ್ತಿಗೆ ಮಾತ್ರ' ಎನ್ನುವ ಕಡೆ ಯಾವ ಕಾರಣಕ್ಕೂ ಅಂದೇ ಸಹಿ ಹಾಕಬೇಡಿ.

ದಂತ ಕಾಲೇಜಿನ ದಾರಿ

ದೇಶದಲ್ಲಿ ಅತಿ ಹೆಚ್ಚು ದಂತ ಕಾಲೇಜುಗಳಿರುವ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಬೆಂಗಳೂರಿನಲ್ಲಿ ಸರ್ಕಾರಿ ದಂತ ಕಾಲೇಜಿದೆ. ಮೈಸೂರು, ಮಂಗಳೂರು, ಮಣಿಪಾಲ, ದಾವಣಗೆರೆ, ಧಾರವಾಡ, ಬೆಳಗಾವಿ, ಕಲಬುರ್ಗಿ ಹೀಗೆ ಬಹುತೇಕ ಎಲ್ಲ ಭಾಗಗಳಲ್ಲಿ ಕಾಲೇಜುಗಳಿವೆ. ಸ್ನಾತಕೋತ್ತರ ವಿಭಾಗವಿರುವ ಕಡೆ ಇಂಪ್ಲಾಂಟ್ ಹಾಕುತ್ತಾರೆ. ಕೆಲಸ ಮಾಡುವವರು ಎಂಡಿಎಸ್ ಓದುತ್ತಿರುವ, ಅಂದರೆ ಆಗಲೇ ದಂತವೈದ್ಯರಾಗಿರುವ ವಿದ್ಯಾರ್ಥಿಗಳು, ಪಕ್ಕದಲ್ಲಿ ಪ್ರಾಧ್ಯಾಪಕರಿರುತ್ತಾರೆ. ಸಾಮಗ್ರಿಯ ಬೆಲೆಯ ಮೇಲೆ ಸ್ವಲ್ಪ ಶುಲ್ಕ ಮಾತ್ರ ಸೇರುವುದರಿಂದ ಖರ್ಚು ಖಾಸಗಿ ಕ್ಲಿನಿಕ್ಕಿಗಿಂತ ಸಾಕಷ್ಟು ಕಡಿಮೆ. ನೀವು ಕೊಡಬೇಕಾದದ್ದು ಸಮಯ. ಹೆಚ್ಚು ಸಲ ಓಡಾಡಬೇಕು, ಸಾಲಿನಲ್ಲಿ ಕೂರಬೇಕು, ಒಂದೊಂದು ಹಂತಕ್ಕೂ ಮೇಲಿನವರ ಒಪ್ಪಿಗೆಗೆ ಕಾಯಬೇಕು. ಎಂಡಿಎಸ್ ಮೂರು ವರ್ಷದ ಓದು. ಕೊನೆಯ ವರ್ಷದ ವಿದ್ಯಾರ್ಥಿಗೆ ನಿಮ್ಮ ಕೇಸ್ ಹೋದರೆ ಸ್ಕ್ರೂ ಹಾಕಿದವರು ಒಬ್ಬರು, ಕ್ಯಾಪ್ ಹಾಕುವವರು ಇನ್ನೊಬ್ಬರು ಆಗಬಹುದು, "ಮುಗಿಯೋ ತನಕ ನೀವೇ ಇರ್ತೀರಾ?" ಎಂದು ಸಂಕೋಚವಿಲ್ಲದೆ ಕೇಳಿ.

ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಹಲ್ಲಿನ ಸೆಟ್ಟು ಕೊಡಲೆಂದು ರಾಜ್ಯ ಸರ್ಕಾರ 'ದಂತ ಭಾಗ್ಯ' ಎಂಬ ಯೋಜನೆ ರೂಪಿಸಿತ್ತು. ಅದು ಇಂಪ್ಲಾಂಟಿಗಲ್ಲ. ನಿಮ್ಮ ಜಿಲ್ಲೆಯಲ್ಲಿ ಅದರ ಸೌಲಭ್ಯ, ವಯಸ್ಸಿನ ಮಿತಿ ಹೇಗಿದೆ ಎಂದು ಜಿಲ್ಲಾ ಆಸ್ಪತ್ರೆಯ ದಂತ ವಿಭಾಗದಲ್ಲಿ ರೇಷನ್ ಕಾರ್ಡ್ ತೋರಿಸಿ ವಿಚಾರಿಸಿ.

ವಿಮೆ, ಕಂತು, ಬಂಗಾರ

ಆರೋಗ್ಯ ವಿಮೆಯ ಮೇಲೆ ಹೆಚ್ಚು ಭರವಸೆ ಬೇಡ. ಅಪಘಾತದಲ್ಲಿ ಹಲ್ಲು ಮುರಿದು ಆಸ್ಪತ್ರೆಗೆ ಸೇರಿದ ಪ್ರಸಂಗ ಬಿಟ್ಟರೆ ಸಾಮಾನ್ಯ ಪಾಲಿಸಿಗಳು ಹಲ್ಲಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಹೊರರೋಗಿ ಖರ್ಚು ಸೇರಿಸಿರುವ ಕೆಲವು ಪಾಲಿಸಿಗಳಲ್ಲಿ ಹಲ್ಲಿಗೂ ಒಂದಿಷ್ಟು ಮೊತ್ತವಿರುತ್ತದೆ, ಅದಕ್ಕೆ ಮಿತಿಯೂ ಇರುತ್ತದೆ. ಸರ್ಕಾರಿ ನೌಕರರು ಮತ್ತು ಕಾರ್ಖಾನೆಗಳ ಕೆಲಸಗಾರರು ತಮ್ಮ ಕಚೇರಿಯಲ್ಲಿ ಮೊದಲೇ ಲಿಖಿತವಾಗಿ ಕೇಳಬೇಕು. ಚಿಕಿತ್ಸೆ ಮುಗಿದ ಮೇಲೆ ಬಿಲ್ಲು ಹಿಡಿದು ಹೋದರೆ ವಾದ ಮಾಡುವುದೇ ಉಳಿಯುತ್ತದೆ.

ಆದಾಯ ತೆರಿಗೆಯಲ್ಲಿ ಮಾತ್ರ ಒಂದು ಅನುಕೂಲವಿದೆ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರು, ಆರೋಗ್ಯ ವಿಮೆ ಇಲ್ಲದ 60 ದಾಟಿದ ತಂದೆ ತಾಯಿಯ ಚಿಕಿತ್ಸೆಗೆ ಮಾಡಿದ ಖರ್ಚನ್ನು ವರ್ಷಕ್ಕೆ 50 ಸಾವಿರ ರೂಪಾಯಿವರೆಗೆ ಕಳೆದು ತೋರಿಸಬಹುದು. ನಗದು ನಡೆಯುವುದಿಲ್ಲ, ಚೆಕ್ ಅಥವಾ ಬ್ಯಾಂಕಿನ ಮೂಲಕ ಕೊಟ್ಟು ರಸೀದಿ ಪಡೆಯಬೇಕು. ಜನವರಿಯಲ್ಲಿ ಸ್ಕ್ರೂ, ಮೇ ತಿಂಗಳಲ್ಲಿ ಕ್ಯಾಪ್ ಎಂದಾದರೆ ಖರ್ಚು ಎರಡು ಹಣಕಾಸು ವರ್ಷಕ್ಕೆ ಹಂಚಿಹೋಗುತ್ತದೆ.

ಇನ್ನು 'ಬಡ್ಡಿ ಇಲ್ಲದ ಕಂತು'. ಶೂನ್ಯ ಬಡ್ಡಿ ಎಂಬುದೇ ಇಲ್ಲ, ಅದು ಬೇರೆ ಹೆಸರಿನಲ್ಲಿ ಗಿರಾಕಿಯ ತಲೆಗೇ ಬರುತ್ತದೆ ಎಂದು ರಿಸರ್ವ್ ಬ್ಯಾಂಕ್ 2013ರಲ್ಲಿಯೇ ಬ್ಯಾಂಕುಗಳಿಗೆ ತಿಳಿಸಿತ್ತು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಇಂಥ ಯೋಜನೆಯಲ್ಲಿ ನೀವು ಸಹಿ ಮಾಡುವುದು ಸಾಲದ ಕಾಗದಕ್ಕೆ. ಸಾಲ ಕೊಡುವ ಕಂಪನಿ ಪೂರ್ತಿ ಹಣವನ್ನು ಸಾಮಾನ್ಯವಾಗಿ ಮೊದಲೇ ಕ್ಲಿನಿಕ್ಕಿಗೆ ಕೊಟ್ಟುಬಿಡುತ್ತದೆ, ನೀವು ಕಂಪನಿಗೆ ಕಟ್ಟುತ್ತ ಹೋಗುತ್ತೀರಿ. ನಡುವೆ ಚಿಕಿತ್ಸೆ ನಿಂತರೂ, ಡಾಕ್ಟರು ಊರು ಬಿಟ್ಟರೂ ಕಂತು ನಿಲ್ಲುವುದಿಲ್ಲ. ನಾಲ್ಕು ತಿಂಗಳ ಮೇಲೆ ಬರುವ ಕ್ಯಾಪಿಗೆ ಇವತ್ತೇ ಸಾಲ ಮಾಡಿದಂತಾಯಿತು.

ಅದರ ಬದಲು ಚಿಕಿತ್ಸೆ ಹೇಗೆ ಹಂತಹಂತವಾಗಿ ನಡೆಯುತ್ತದೋ ಹಣವನ್ನೂ ಹಾಗೆಯೇ ಕೊಡುವ ಮಾತಾಡಿ. ಸ್ಕ್ರೂ ಹಾಕಿದ ದಿನ ಒಂದು ಭಾಗ, ಕ್ಯಾಪಿನ ಅಳತೆ ಕೊಡುವಾಗ ಒಂದು ಭಾಗ, ಕೂರಿಸಿದ ಮೇಲೆ ಉಳಿದದ್ದು. ಹೆಚ್ಚಿನ ದಂತವೈದ್ಯರು ಇದಕ್ಕೆ ಒಪ್ಪುತ್ತಾರೆ. ನಾವು ಕೇಳುವುದಿಲ್ಲ, ಅಷ್ಟೇ. ನಡುವಿನ ಮೂರು ನಾಲ್ಕು ತಿಂಗಳು ಮೂಳೆ ಬೆಸೆಯುವ ಕಾಲವಷ್ಟೇ ಅಲ್ಲ, ಪೋಸ್ಟಾಫೀಸಿನ ಆರ್‌ಡಿಯಲ್ಲೋ ಸಂಘದಲ್ಲೋ ಹಣ ಕೂಡುವ ಕಾಲವೂ ಹೌದು. ಎರಡು ಹಲ್ಲು ಬೇಕಿದ್ದರೆ ಈ ವರ್ಷ ಒಂದು, ಮುಂದಿನ ವರ್ಷ ಒಂದು ಹಾಕಿಸಬಹುದೇ ಎಂದೂ ಕೇಳಿ.

ಸಾಲ ಮಾಡಲೇಬೇಕೆಂದರೆ? ಕ್ರೆಡಿಟ್ ಕಾರ್ಡಿನಲ್ಲಿ ಬಾಕಿ ಉಳಿಸಿಕೊಂಡರೆ ತಿಂಗಳಿಗೆ ಶೇಕಡಾ 3ರಿಂದ ಮೂರೂವರೆ, ಅಂದರೆ ವರ್ಷಕ್ಕೆ ಶೇಕಡಾ 36ರಿಂದ 42ರಷ್ಟು ಬಡ್ಡಿ ಬೀಳಬಹುದು. ಅದಕ್ಕೆ ಹೋಲಿಸಿದರೆ ಬ್ಯಾಂಕಿನಲ್ಲಿ ಬಂಗಾರದ ಮೇಲೆ ಪಡೆಯುವ ಸಾಲದ ಬಡ್ಡಿ ಬಹಳ ಕಡಿಮೆ. ಆ ತಾಯಿಯ ಯೋಚನೆ ಆ ಮಟ್ಟಿಗೆ ಸರಿಯೇ ಇತ್ತು. ಆದರೆ ಇಟ್ಟ ಬಂಗಾರ ಬಿಡಿಸುವುದು ಪಿಂಚಣಿಯಿಂದಲೇ ತಾನೇ?

ವೈದ್ಯನಾಗಿ ನಾನು ನೋಡುವುದು

ಕಟ್ಟಿದ ಹಣ ನೀರಿಗೆ ಹೋಗುವುದು ಇಂಪ್ಲಾಂಟ್ ವಿಫಲವಾದಾಗ. ಇದಕ್ಕೆ ಎರಡು ದೊಡ್ಡ ಕಾರಣಗಳು ಹತೋಟಿ ತಪ್ಪಿದ ಸಕ್ಕರೆ ಮತ್ತು ತಂಬಾಕು. ಸಕ್ಕರೆ ಕಾಯಿಲೆ ಇದ್ದವರು ಹಾಕಿಸಬಾರದೆಂದಿಲ್ಲ. ಎಚ್‌ಬಿಎ1ಸಿ ಏಳರ ಆಸುಪಾಸಿಗೆ ಇಳಿಸಿಕೊಂಡು ಹಾಕಿಸಬೇಕು. ಬೀಡಿ ಸಿಗರೇಟು ಸೇದುವವರಲ್ಲಿ ಇಂಪ್ಲಾಂಟ್ ಕಳಚುವ ಸಾಧ್ಯತೆ ಇತರರಿಗಿಂತ ಹೆಚ್ಚು. ಗುಟ್ಕಾ ಅಗಿಯುವವರ ಬಾಯಿ ತೆರೆಯುವುದೇ ಕಷ್ಟವಾಗಿರುತ್ತದೆ, ಅವರು ಮೊದಲು ಅದಕ್ಕೆ ತೋರಿಸಬೇಕು.

ಮೂಳೆ ಸವೆತಕ್ಕೆ ಅಲೆಂಡ್ರೊನೇಟ್ ಮಾತ್ರೆ ಅಥವಾ ವರ್ಷಕ್ಕೊಮ್ಮೆ ಜೊಲೆಡ್ರೊನಿಕ್ ಇಂಜೆಕ್ಷನ್ ತೆಗೆದುಕೊಳ್ಳುವ ಮಹಿಳೆಯರು ಅದನ್ನು ದಂತವೈದ್ಯರಿಗೆ ತಪ್ಪದೆ ಹೇಳಬೇಕು. ಅಪರೂಪಕ್ಕೆ ದವಡೆಯ ಮೂಳೆ ಮಾಯದೆ ಕೊಳೆಯುವ ಅಪಾಯವಿದೆ. ತಲೆ ಕುತ್ತಿಗೆಗೆ ರೇಡಿಯೇಶನ್ ಆಗಿದ್ದರೂ, ಹೃದಯದ ಕವಾಟ ಬದಲಿಸಿದ್ದರೂ ಹೇಳಬೇಕು. ಸ್ಟೆಂಟ್ ಹಾಕಿಸಿಕೊಂಡವರು ರಕ್ತ ತೆಳುವಾಗಿಸುವ ಮಾತ್ರೆಯನ್ನು 'ಹಲ್ಲಿನ ಆಪರೇಶನ್ ಇದೆ' ಎಂದು ತಾವಾಗಿಯೇ ನಿಲ್ಲಿಸಿಬಿಡುತ್ತಾರೆ. ಹಲ್ಲಿಗಾಗಿ ಹೃದಯವನ್ನು ಪಣಕ್ಕಿಡಬೇಡಿ. ಹೃದ್ರೋಗ ತಜ್ಞರನ್ನು ಕೇಳದೆ ಒಂದು ಮಾತ್ರೆಯನ್ನೂ ಬಿಡಬಾರದು.

ಇಂಪ್ಲಾಂಟಿಗೆ ಹುಳುಕು ಹಿಡಿಯದು, ಆದರೆ ಸುತ್ತಲಿನ ವಸಡಿಗೆ ಕೀವಾಗಿ ಮೂಳೆ ಕರಗಬಹುದು. ದಿನಕ್ಕೆರಡು ಸಲ ಉಜ್ಜುವುದು, ಸಂದಿಗೆ ಸಣ್ಣ ಬ್ರಶ್ ಹಾಕುವುದು, ಆರು ತಿಂಗಳಿಗೊಮ್ಮೆ ದಂತವೈದ್ಯರಲ್ಲಿ ಕ್ಲೀನ್ ಮಾಡಿಸುವುದು, ಇವೂ ಖರ್ಚಿನ ಲೆಕ್ಕದಲ್ಲಿ ಸೇರಬೇಕು.

ಶಿಕ್ಷಕರ ಎಚ್‌ಬಿಎ1ಸಿ ಐದು ತಿಂಗಳಲ್ಲಿ 7.3ಕ್ಕೆ ಇಳಿಯಿತು. ಇನ್ಸುಲಿನ್ ಬೇಡವೆಂದು ಮೊದಲು ಹಟ ಹಿಡಿದಿದ್ದರು, ಹಲ್ಲಿನ ಆಸೆಗೆ ಒಪ್ಪಿಕೊಂಡರು. ಆಮೇಲೆ ದಂತ ಕಾಲೇಜಿನಲ್ಲಿ ಕೆಳದವಡೆಗೆ ಎರಡು ಇಂಪ್ಲಾಂಟ್ ಹಾಕಿಸಿ ಅದರ ಮೇಲೆ ಬಟನ್ ಸೆಟ್ಟು ಮಾಡಿಸಿಕೊಂಡಿದ್ದಾರೆ. ಹನ್ನೊಂದು ಸಲ ಬಸ್ಸು ಹತ್ತಿದೆವು ಎಂದು ಪತ್ನಿ ಲೆಕ್ಕ ಹೇಳಿದರು. ಒಟ್ಟು ಖರ್ಚು ಮೊದಲ ಚೀಟಿಯ ಕಾಲು ಭಾಗಕ್ಕಿಂತ ಕಡಿಮೆಯಾಯಿತು, ಬಳೆ ಬ್ಯಾಂಕಿಗೆ ಹೋಗಲಿಲ್ಲ. ಬಟನ್ನಿನೊಳಗಿನ ನೈಲಾನ್ ಉಂಗುರ ಸವೆಯುತ್ತದೆ, ಆಗಾಗ ಬದಲಿಸಬೇಕು ಎಂದು ಅಲ್ಲಿ ಹೇಳಿ ಕಳಿಸಿದ್ದಾರೆ. ಕಟಿ ರೊಟ್ಟಿ ಇನ್ನೂ ಕಷ್ಟವಂತೆ. ಬಿಸಿ ರೊಟ್ಟಿ, ಪುಂಡಿಪಲ್ಲೆ ನಡೆಯುತ್ತಿದೆ. ಮೇಲಿನ ದವಡೆಗೆ ಮಾಮೂಲಿ ಸೆಟ್ಟೇ ಸಾಕೆಂದು ಅವರೇ ತೀರ್ಮಾನಿಸಿದ್ದಾರೆ.